ಭಾನುವಾರದ ಎಣ್ಣೆಗೊಂದು ಹೂವು

ಪಂಚಾಂಗದ ಮಾತು ಕೇಳುವುದಾದರೆ ಭಾನುವಾರ ಎಣ್ಣೆಸ್ನಾನಕ್ಕೆ ಆಗಿಬರುವ ದಿನವಲ್ಲ. ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಗಂಡಸರಿಗೆ ಬುಧವಾರ, ಶನಿವಾರ. ಹಳೇ ಮೈಸೂರು ಸೀಮೆಯ ಅಜ್ಜಿಯರು ಇಟ್ಟುಕೊಂಡಿದ್ದ ಲೆಕ್ಕ ಇದು. ಸೂರ್ಯನ ದಿನ ನೆತ್ತಿಗೆ ಎಣ್ಣೆ ಇಟ್ಟರೆ ತಾಪ ಎನ್ನುತ್ತಿದ್ದರು. ಹಾಗಿದ್ದೂ ನನ್ನ ವಾರಿಗೆಯ ಯಾರನ್ನೇ ಕೇಳಿ ನೋಡಿ: ಮೈತುಂಬ ಎಣ್ಣೆ ಬಳಿಸಿಕೊಂಡು, ಚಡ್ಡಿಯಲ್ಲಿ ಹಿತ್ತಿಲ ಬಿಸಿಲಿಗೆ ಕೂತು, ನೀರು ಕಾಯುವುದನ್ನೇ ಕಾದ ನೆನಪು ಯಾವ ದಿನದ್ದು ಎಂದು. ಭಾನುವಾರದ್ದು ಎಂದೇ ಹೇಳುತ್ತಾರೆ.

ಇದಕ್ಕೆ ಕಾರಣ ಇಸ್ಕೂಲು. ಶನಿವಾರ ಬೆಳಗಿನ ಶಾಲೆ. ಎಂಟು ಗಂಟೆಗೆಲ್ಲ ಪ್ರಾರ್ಥನೆಯ ಸಾಲಿನಲ್ಲಿ ನಿಂತಿರಬೇಕು. ಬುಧವಾರವಂತೂ ಕೇಳುವುದೇ ಬೇಡ. ಅಪ್ಪನ ಕಚೇರಿಗೂ ಬಿಡುವು ಇದ್ದದ್ದು ಅದೊಂದೇ ದಿನ. ಆದ್ದರಿಂದ ವಾರವಾರಕ್ಕೆ ಹಂಚಿಹೋಗಿದ್ದ ಎಣ್ಣೆ-ನೀರೆಲ್ಲ ಒಂದೇ ದಿನಕ್ಕೆ ಬಂದು ಕೂತಿತು. ಶಾಸ್ತ್ರದೊಳಗೇ ಒಂದು ಕಿಂಡಿಯೂ ಇತ್ತು. ಹೇಳದ ದಿನ ಎಣ್ಣೆ ಹಚ್ಚಲೇಬೇಕಾಗಿ ಬಂದರೆ ಭಾನುವಾರ ಎಣ್ಣೆಗೆ ಒಂದು ಹೂವು ಹಾಕಿ, ಮಂಗಳವಾರ ಚಿಟಿಕೆ ಮಣ್ಣು ಹಾಕಿ, ಗುರುವಾರ ಎಳೆ ಗರಿಕೆ ಹಾಕಿ, ದೋಷ ಕಳೆಯಿತು ಎನ್ನುತ್ತದೆ ಅದು. ನಮ್ಮಜ್ಜಿ ಹರಳೆಣ್ಣೆಯ ಬಟ್ಟಲಿಗೆ ಒಂದು ದಾಸವಾಳದ ಎಸಳನ್ನೋ ತುಂಬೆ ಹೂವನ್ನೋ ಹಾಕಿ, ಒಲೆಯ ಅಂಚಿಗೆ ಬೆಚ್ಚಗಾಗಲು ಇಡುತ್ತಿದ್ದರು. ಹೂವು ಯಾಕೆ ಎಂದು ನಾವು ಕೇಳಲಿಲ್ಲ. ಅದೂ ಎಣ್ಣೆಗೆ ಬೀಳುವ ಮಸಾಲೆ ಎಂದುಕೊಂಡಿದ್ದೆವು.

ನಮ್ಮ ಮನೆಗಳಲ್ಲಿ ಭಾನುವಾರ ಆದದ್ದು ಹೀಗೆಯೇ ಎಂದು ನನಗೆ ಅನ್ನಿಸುತ್ತದೆ. ಎಲ್ಲಿಂದಲೋ ಬಂದ ರಜೆಯೊಂದಕ್ಕೆ ನಮ್ಮ ಹಿರಿಯರು, ಅದರಲ್ಲೂ ಹೆಂಗಸರು, ತಮ್ಮ ಹಳೆಯ ವಾರಗಳ ಕೆಲಸಗಳನ್ನು ಒಂದೊಂದಾಗಿ ತಂದು ಜೋಡಿಸಿದರು. ಜೋಡಿಸುವಾಗ ಹಳೆಯದಕ್ಕೆ ನೋವಾಗದಂತೆ ಒಂದು ಹೂವು ಇಟ್ಟರು. ಈಗ ನಾವು ಮನೆತನದ ಪದ್ಧತಿ ಎಂದು ಕರೆಯುವ ಎಷ್ಟೋ ಸಂಗತಿಗೆ ನೂರು ವರ್ಷವೂ ತುಂಬಿಲ್ಲ. ಅದರಿಂದ ಅವುಗಳ ಬೆಲೆಯೇನೂ ಕಡಿಮೆಯಾಗುವುದಿಲ್ಲ.

ಎಣ್ಣೆ-ನೀರಿನ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಅದನ್ನು ಅವಸರದಲ್ಲಿ ಮುಗಿಸುವುದು ಅದಕ್ಕೇ ಮಾಡುವ ಅನ್ಯಾಯ. ತುಮಕೂರು, ತಿಪಟೂರಿನ ಕಡೆ ತೆಂಗು ಹೇರಳ. ಬಚ್ಚಲೊಲೆಗೆ ಮಟ್ಟೆ, ಕರಟ, ಒಣಗಿದ ಸೋಗೆ. ಮಲೆನಾಡಿನಲ್ಲಾದರೆ ಅಡಿಕೆ ಸಿಪ್ಪೆ, ಮಳೆಗಾಲಕ್ಕೆಂದು ಒಟ್ಟಿಟ್ಟ ಕುಂಟೆ. ಹಂಡೆಯ ಹೊರಮೈಗೆ ತಲೆಮಾರುಗಳ ಮಸಿ, ಒಳಮೈ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಕೆಂಪು. ಮೊದಲು ನೆತ್ತಿಗೆ ಎಣ್ಣೆ ತಟ್ಟುವುದು, ಆಮೇಲೆ ಕಿವಿಗೆ ಒಂದೊಂದು ಹನಿ, ಹೊಕ್ಕುಳಿಗೆ ಒಂದು, ಅಂಗಾಲಿಗೆ ಉಳಿದದ್ದು. ಹರಳೆಣ್ಣೆ ಅಂಟು, ಅದು ಬಿಡಬೇಕಾದರೆ ಚಿಗರೆಪುಡಿ, ಸೀಗೆಪುಡಿ ಬೇಕು. ಎರಡೂ ಕಣ್ಣಿಗೆ ಬಿದ್ದರೆ ಕೇರಿಗೆಲ್ಲ ಕೇಳುವಂತೆ ಮಕ್ಕಳು ಕಿರುಚುತ್ತವೆ. ‘ಕಣ್ಣು ಮುಚ್ಚು, ಬಾಯೂ ಮುಚ್ಚು’ ಎನ್ನುತ್ತ ತಾಯಂದಿರು ಚೊಂಬಿನ ಮೇಲೆ ಚೊಂಬು ಎರೆಯುತ್ತಾರೆ. ನೀರು ಎಷ್ಟು ಬಿಸಿ ಇರಬೇಕೆಂಬುದಕ್ಕೆ ಅವರ ಮೊಣಕೈಯೇ ಅಳತೆ. ಕೂಸಿನ ಕೂದಲಿಗೆ ಸಾಂಬ್ರಾಣಿ ಹೊಗೆ, ದೊಡ್ಡ ಹುಡುಗಿಯರಿಗೆ ಬಿಸಿಲು. ಹೊಟ್ಟೆಗೆ ಬಿದ್ದ ಮೇಲೆ ಬರುವ ನಿದ್ದೆ ಬೇರೆ ದಿನ ಬರುವಂಥದ್ದಲ್ಲ. ವಾರವೆಲ್ಲ ಗದರುವ ಅಪ್ಪ ಅಂದು ಚಾಪೆಯ ಮೇಲೆ ಬಾಯಿ ತೆರೆದು ಮಲಗಿರುವುದನ್ನು ನೋಡಿಯೇ ಮಕ್ಕಳಿಗೆ ಅವರೂ ನಮ್ಮಂತೆಯೇ ಎಂದು ಗೊತ್ತಾಗುತ್ತಿತ್ತು.

ಹಾಗಾದರೆ ಈ ರಜೆ ಯಾರು ಕೊಟ್ಟದ್ದು?

ಹಳ್ಳಿಗೆ ಭಾನುವಾರ ಎಂಬ ರಜೆಯೇ ಇರಲಿಲ್ಲ. ಬೇಸಾಯದವರ ವಾರಕ್ಕೆ ಬಿಡುವು ಬರುತ್ತಿದ್ದದ್ದು ಎತ್ತಿನಿಂದ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತಿಗೆ ರಜೆ ಇದ್ದ ಮೇಲೆ ಅದರ ಹಿಂದೆ ನಡೆಯುವವನಿಗೂ ಅಷ್ಟಿಷ್ಟು ರಜೆ. ಪ್ರಾಣಿಯ ದಣಿವನ್ನು ಮೊದಲು ಲೆಕ್ಕಕ್ಕೆ ಹಿಡಿದು, ಮನುಷ್ಯನದ್ದನ್ನು ಅದರ ಹಿಂದೆ ಇಟ್ಟ ಆ ಏರ್ಪಾಟು ನನಗೆ ಬಹಳ ಇಷ್ಟ. ಇನ್ನೊಂದು ಬಿಡುವು ಸಂತೆಯದ್ದು. ಸೋಮವಾರಪೇಟೆಯಲ್ಲಿ ಸೋಮವಾರ ಸಂತೆ. ಕಾಫಿ ಸೀಮೆಯಲ್ಲಿ ಹತ್ತಿರದ ಪೇಟೆಯ ಸಂತೆ ಯಾವ ವಾರವೋ ಅಂದೇ ತೋಟದ ಆಳುಗಳಿಗೆ ರಜೆ ಕೊಡುವ ಪದ್ಧತಿ ಬಂತು. ಒಗೆದ ಬಟ್ಟೆ ತೊಟ್ಟು ಪೇಟೆಗಿಳಿದು, ವಾರದ ಅಕ್ಕಿ, ಒಣಮೀನು, ಮಕ್ಕಳಿಗೆ ಒಂದು ಪೊಟ್ಟಣ ಖಾರ ಕೊಂಡು ಹತ್ತುವ ಆ ದಿನವೇ ಅವರ ಪಾಲಿನ ಭಾನುವಾರ. ಕ್ಯಾಲೆಂಡರಿನಲ್ಲಿ ಅದರ ಬಣ್ಣ ಕಪ್ಪೋ ಕೆಂಪೋ ಅವರಿಗೆ ಮುಖ್ಯವಲ್ಲ.

ಬ್ರಿಟಿಷರ ಕಚೇರಿಗೆ, ಶಾಲೆಗೆ, ಪಲ್ಟನ್ನಿಗೆ ಭಾನುವಾರ ಇತ್ತು. ಕೈಕೆಸರಿನ ಕೆಲಸಗಾರರಿಗೆ ಅದು ತಾನಾಗಿ ಬರಲಿಲ್ಲ. ಮುಂಬೈಯ ಹತ್ತಿ ಗಿರಣಿಗಳಲ್ಲಿ ಬೆಳಗಿನ ಬೆಳಕಿನಿಂದ ಸಂಜೆಯ ಬೆಳಕಿನವರೆಗೆ ದುಡಿತ. ನಡುವೆ ನಿಲ್ಲುವುದು ಹಬ್ಬಕ್ಕೆ, ಇಲ್ಲವೇ ಯಂತ್ರ ಒರೆಸುವುದಕ್ಕೆ. ಅಲ್ಲಿ ವಾರದ ರಜೆಗಾಗಿ ಹಠ ಹಿಡಿದವರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಠಾಣೆಯಲ್ಲಿ ಹುಟ್ಟಿದವರು, ಜೋತಿರಾವ್ ಫುಲೆಯವರ ಸಂಗಾತಿ, ‘ದೀನಬಂಧು’ ಪತ್ರಿಕೆಯ ಸಂಪಾದಕ. ಗಿರಣಿಯಲ್ಲೇ ಕೆಲಸ ಮಾಡಿ ಒಳಗಿನದನ್ನೆಲ್ಲ ಕಂಡಿದ್ದವರು. 1890ರ ಏಪ್ರಿಲ್‌ನಲ್ಲಿ ಮಹಾಲಕ್ಷ್ಮಿಯ ಬಯಲಿನಲ್ಲಿ ಅವರು ಕರೆದ ಸಭೆಗೆ ಹತ್ತು ಸಾವಿರದಷ್ಟು ಕಾರ್ಮಿಕರು ಸೇರಿದರು. ಆ ಸಭೆಯಲ್ಲಿ ಹೆಣ್ಣು ಕೂಲಿಗಳು ಎದ್ದು ನಿಂತು ಮಾತಾಡಿದರು. ಆ ವರ್ಷದ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷ, 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರಕ್ಕೊಂದು ರಜೆ ಬರಹಕ್ಕೆ ಇಳಿಯಿತು.

ಲೋಖಂಡೆಯವರು ಮುಂದಿಟ್ಟ ಕಾರಣಗಳಲ್ಲಿ ಒಂದು ನಮಗೆ ಬಹಳ ಹತ್ತಿರದ್ದು. ಭಾನುವಾರ ಖಂಡೋಬನ ದಿನ, ಆದ್ದರಿಂದ ಅಂದೇ ರಜೆ ಬೇಕು ಎಂದರು ಅವರು. ಖಂಡೋಬ ಎಂದರೆ ನಮ್ಮ ಮೈಲಾರಲಿಂಗ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ಆ ದೇವರು. ಕರಿಯ ಕಂಬಳಿ, ಕರಡಿ ಕೂದಲಿನ ಕುಲಾವಿ, ಕೈಯಲ್ಲಿ ಡಮರು, ‘ಏಳುಕೋಟಿ’ ಎಂಬ ಕೂಗು. ಬಳ್ಳಾರಿ, ಹಾವೇರಿ, ದಾವಣಗೆರೆ ಸೀಮೆಯ ಎಷ್ಟೋ ಒಕ್ಕಲುಗಳಲ್ಲಿ ಭಾನುವಾರ ಮೈಲಾರನ ವಾರ. ಅಂದು ಅಂಗಳ ಸಾರಿಸಿ, ಜಗಲಿಯ ಮೇಲಿನ ದೇವರಿಗೆ ಭಂಡಾರ ಹಚ್ಚುವುದು ಗಿರಣಿ ಬರುವ ಎಷ್ಟೋ ಮುಂಚಿನಿಂದ ಇದ್ದದ್ದು. ಆಳುವವರಿಗೆ ಚರ್ಚಿನ ದಿನ, ಕೂಲಿಕಾರರಿಗೆ ಖಂಡೋಬನ ದಿನ. ಬೇರೆ ಬೇರೆ ದಾರಿಯಲ್ಲಿ ಬಂದು ಇಬ್ಬರೂ ಒಂದೇ ದಿನಕ್ಕೆ ಮುಟ್ಟಿದರು.

ಗೋಕಾಕ ಜಲಪಾತದ ದಡದ ನೂಲಿನ ಗಿರಣಿ ಅಷ್ಟು ಹೊತ್ತಿಗೆ ಶುರುವಾಗಿತ್ತು. ಬೆಳಗಾವಿ ಸೀಮೆ ಮುಂಬೈ ಪ್ರಾಂತ್ಯದ್ದು, ಹೀಗಾಗಿ ಅಲ್ಲಿಯ ಕಾಯ್ದೆಯೇ ಇಲ್ಲಿಗೂ. ಬೆಂಗಳೂರಿನಲ್ಲಿ 1884ರಲ್ಲಿ ಹುಟ್ಟಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿಯ ಸುತ್ತ ಕಾಟನ್‌ಪೇಟೆ, ಮಾಗಡಿ ರಸ್ತೆಯ ವಠಾರಗಳು ಬೆಳೆದವು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯ್ದೆಯು ವಾರವನ್ನು ಶನಿವಾರದ ನಡುರಾತ್ರಿಯಿಂದ ಎಣಿಸಿ, ಅದರ ಮೊದಲ ದಿನ ಯಾವ ಕೆಲಸಗಾರನನ್ನೂ ದುಡಿಸಬಾರದು ಎಂದಿತು. ಐಟಿಐ, ಎಚ್‌ಎಂಟಿ, ಬಿಇಎಲ್ ಕಾಲೊನಿಗಳು ಎದ್ದ ಕಾಲಕ್ಕೆ ಬೆಂಗಳೂರಿನ ಸಾವಿರಾರು ಮನೆಗಳಿಗೆ ಒಂದೇ ಹೊತ್ತಿಗೆ ಏಳುವ, ಒಂದೇ ದಿನ ಮಲಗುವ ಅಭ್ಯಾಸ ಬಂತು. ಒಂದು ಬೀದಿಗೆ ಬೀದಿಯೇ ಒಟ್ಟಿಗೆ ಬಿಡುವಾಗಿರುವುದು ಸಣ್ಣ ಸಂಗತಿಯಲ್ಲ. ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ ಕೊಟ್ಟರೂ ವಿಶ್ರಾಂತಿಯ ಲೆಕ್ಕ ಸರಿಹೋಗುತ್ತದೆ. ಆದರೆ ಗೆಳೆಯನಿಗೆ ಬಿಡುವಿಲ್ಲದ ದಿನ ನನಗೆ ಸಿಕ್ಕ ರಜೆಯಲ್ಲಿ ಕೇರಂ ಬೋರ್ಡಿಗೆ ನಾಲ್ಕು ಕೈ ಸೇರುವುದಿಲ್ಲ, ಮದುವೆ ಮಾತುಕತೆ ನಡೆಯುವುದಿಲ್ಲ, ಅತ್ತೆ ಮನೆಯಿಂದ ಯಾರೂ ಬರುವುದಿಲ್ಲ.

ಎಲ್ಲರ ಭಾನುವಾರ ನಿಂತಿರುವುದು ಕೆಲವರ ಭಾನುವಾರದ ಮೇಲೆ ಎಂಬುದನ್ನೂ ಹೇಳದೆ ಇರಲಾಗದು. ಕ್ಷೌರದಂಗಡಿಯನ್ನು ನೋಡಿ. ನಮ್ಮಲ್ಲಿ ಅದಕ್ಕೆ ಮಂಗಳವಾರ ಬಾಗಿಲು. ಭಾನುವಾರ ಬೆಳಿಗ್ಗೆ ಬೆಂಚು ತುಂಬಿ, ಮೆಟ್ಟಿಲೂ ತುಂಬಿ, ಒಂದೇ ಪತ್ರಿಕೆಯ ಪುರವಣಿ ನಾಲ್ಕು ಹಾಳೆಯಾಗಿ ನಾಲ್ವರ ಕೈಯಲ್ಲಿರುತ್ತದೆ. ಪದಬಂಧ ಇರುವ ಹಾಳೆ ಸಿಕ್ಕವರು ಎರಡು ಮನೆ ತುಂಬಿಸಿ ಮುಂದಿನವರಿಗೆ ಕೊಡುತ್ತಾರೆ. ಅಪ್ಪನ ಕೈಹಿಡಿದು ಬಂದ ಹುಡುಗನಿಗೆ ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹುಯ್ಯುತ್ತಿದೆ. ಅದು ವಾರದ ರಜೆಗೆ ಆರಿಸಿಕೊಂಡದ್ದು ಶುಕ್ರವಾರವನ್ನು. ಲಾಲ್‌ಬಾಗ್ ಪಕ್ಕದ ಎಂಟಿಆರ್‌ಗೆ ಸೋಮವಾರ. ಊರು ಮಲಗುವ ದಿನ ಇವರು ಏಳಬೇಕು, ಅದಕ್ಕೆ.

ಇನ್ನು ಮಾಂಸದಂಗಡಿ. ಮಂಡ್ಯ, ಮೈಸೂರು, ರಾಮನಗರ, ತುಮಕೂರಿನ ಕಡೆ ಭಾನುವಾರ ಆರು ಗಂಟೆಗೆಲ್ಲ ಸಾಲು ನಿಲ್ಲುತ್ತದೆ. ಸೋಮವಾರ, ಗುರುವಾರ, ಶನಿವಾರ ಎಂದು ದೇವರುಗಳಿಗೆ ಬಿಟ್ಟುಕೊಟ್ಟು ಉಳಿದ ಮನೆಗಳಿಗೆ ಐತಾರವೇ ಬಾಡಿನ ದಿನ. ಚೀಲ ಹಿಡಿದು ನಿಂತವರಿಗೆ ತಮಗೆ ಬೇಕಾದ್ದೇನೆಂಬುದು ನಿಖರವಾಗಿ ಗೊತ್ತು: ‘ಮುಂದಿನ ಕಾಲು ಹಾಕು, ಮೂಳೆ ಜಾಸ್ತಿ ಇರಲಿ, ಒಂದು ಚೂರು ಕೊಬ್ಬು, ಈರಿ ಬೇಡ್ವಾ ಹಾಗಾದ್ರೆ?’ ಮಳವಳ್ಳಿ ಸೀಮೆಯ ಬಂಡೂರು ಕುರಿ ಎಂದರೆ ಹಿರಿಯರ ಮುಖ ಅರಳುತ್ತದೆ. ಕುಳ್ಳು ಕಾಲಿನ, ತುಂಬಿದ ಮೈಯ ಆ ಕುರಿಯ ಮಾಂಸ ಬಾಯಲ್ಲಿ ಕರಗುತ್ತದೆ ಎಂಬುದು ಆ ಕಡೆಯವರ ಅಭಿಮಾನ. ಮನೆಯಲ್ಲಿ ಅಷ್ಟು ಹೊತ್ತಿಗೆ ಮಸಾಲೆ ಸಿದ್ಧ. ಸುಟ್ಟ ಈರುಳ್ಳಿ, ಧನಿಯ, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ಕಾಯಿ. ಅವರೆಕಾಲದಲ್ಲಾದರೆ ಹಿಚಿಕಿದ ಬೇಳೆಯೂ ಸಾರಿಗೆ ಬೀಳುತ್ತದೆ. ಅದನ್ನು ಹಿಚುಕಲು ಶನಿವಾರ ರಾತ್ರಿಯೇ ಮನೆಮಂದಿಯೆಲ್ಲ ಮೊರದ ಸುತ್ತ ಕೂತಿರಬೇಕು. ಸಾರು ಕುದಿಯುವಾಗ ಮಕ್ಕಳಿಗೆ ಬಟ್ಟಲಲ್ಲಿ ಒಂದು ತುಂಡು, ಎರಡು ಚಮಚ ರಸ: ‘ಉಪ್ಪು ನೋಡು.’ ಉಪ್ಪು ಸರಿಯಿದೆಯೆಂದು ಒಂದೇ ಸಲಕ್ಕೆ ಹೇಳಿದ ಮಗುವನ್ನು ನಾನಿನ್ನೂ ಕಂಡಿಲ್ಲ. ಆಮೇಲೆ ಮುದ್ದೆ. ಮುದ್ದೆ ತಿರುವುವ ಕೋಲು ಆ ದಿನ ಹೆಚ್ಚಾಗಿ ಗಂಡಸರ ಕೈಗೆ ಬರುತ್ತಿತ್ತು, ಮುದ್ದೆ ದೊಡ್ಡದಿರುತ್ತಿದ್ದ ಕಾರಣಕ್ಕೆ.

ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಭಾನುವಾರ ಹೊಸದಾಗಿ ಬಂದದ್ದಲ್ಲ, ಅದು ನಂಬಿಕೆಯ ಬುಡದಲ್ಲೇ ಇರುವಂಥದ್ದು. ಬೆಳಗಿನ ಬಲಿಪೂಜೆ ಮುಗಿಸಿ, ಇಗರ್ಜಿಯ ಅಂಗಳದಲ್ಲಿ ಊರಿನ ಸುದ್ದಿಯೆಲ್ಲ ಹಂಚಿಕೊಂಡು ಮನೆಗೆ ಬಂದರೆ ಹಬೆಯಾಡುವ ಸನ್ನ, ಬಫಾತ್ ಪುಡಿಯ ದುಕ್ರಾಮಾಸ್. ಕೊಡಗಿನಲ್ಲಿ ಕಡಂಬುಟ್ಟು, ಕಾಚಂಪುಳಿ ಬಿದ್ದ ಪಂದಿಕರಿ. ಕರಾವಳಿಯ ಉಳಿದ ಮನೆಗಳಿಗೆ ಕೋರಿರೊಟ್ಟಿ. ಧಾರವಾಡದ ಕಡೆ ಸಂಜೆಯ ಗಿರಮಿಟ್ಟು, ಮಿರ್ಚಿ, ಆಮೇಲೆ ಸಾಧನಕೇರಿಯ ಸುತ್ತ ಒಂದು ಸುತ್ತು. ಮಾಂಸ ಮುಟ್ಟದ ಮನೆಗಳಲ್ಲಿ ಭಾನುವಾರ ಎಂದರೆ ದೋಸೆ. ಅದೂ ಶನಿವಾರ ರಾತ್ರಿಯಿಂದಲೇ, ಒರಳುಕಲ್ಲಿನ ಗರಗರ ಸದ್ದಿನಿಂದ ಶುರು.

ಆಮೇಲೆ ಟೀವಿ ಬಂತು. 1987ರ ಜನವರಿ 25, ಭಾನುವಾರ, ದೂರದರ್ಶನದಲ್ಲಿ ‘ರಾಮಾಯಣ’ ಶುರುವಾಯಿತು. ಅದು ಮುಗಿದ ಸ್ವಲ್ಪ ದಿನಕ್ಕೆ, 1988ರ ಅಕ್ಟೋಬರ್ 2ರಿಂದ ‘ಮಹಾಭಾರತ’. 1990ರ ಜೂನ್‌ವರೆಗೆ ಭಾನುವಾರದ ಬೆಳಗು ಈ ಎರಡರದ್ದೇ. ಎಣ್ಣೆ-ನೀರಿನ ಹೊತ್ತು ಬದಲಾಯಿತು. ಮಕ್ಕಳಿಗೆಲ್ಲ ಎಂಟೂವರೆಯೊಳಗೆ ಎರೆದು ಮುಗಿಸಲೇಬೇಕು, ಇಲ್ಲವೇ ಧಾರಾವಾಹಿ ಮುಗಿಯುವವರೆಗೆ ಎಣ್ಣೆ ಸುರಿಸುತ್ತ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿರಬೇಕು. ಬೀದಿಗೆ ಒಂದೋ ಎರಡೋ ಟೀವಿ. ಆ ಮನೆಯವರು ಹಾಸಿದ ಚಾಪೆಯ ಮೇಲೆ ಬೀದಿಯೇ ಕೂರುತ್ತಿತ್ತು. ಮಾತೆಲ್ಲ ಹಿಂದಿ. ನಮ್ಮಜ್ಜಿಗೆ ಹಿಂದಿಯ ಒಂದು ಪದ ಬರುತ್ತಿರಲಿಲ್ಲ, ಆದರೆ ಹರಿಕಥೆ, ಬಯಲಾಟ, ಗಮಕ ಕೇಳಿ ಬೆಳೆದ ಅವರಿಗೆ ಯಾವ ಪಾತ್ರ ಏನು ಹೇಳುತ್ತಿದೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಪಕ್ಕದಲ್ಲಿ ಕೂತವರಿಗೆ ಅವರು ಕನ್ನಡದಲ್ಲಿ ತಮ್ಮದೇ ರಾಮಾಯಣ ಹೇಳುತ್ತ ಹೋಗುತ್ತಿದ್ದರು. ಎಷ್ಟೋ ಸಲ ಅದೇ ಚೆನ್ನಾಗಿರುತ್ತಿತ್ತು. ಮಧ್ಯಾಹ್ನ ಕಿವಿ ಕೇಳದವರಿಗಾಗಿ ಬರುವ ವಾರ್ತೆ, ಅದಾದ ಮೇಲೆ ಯಾವುದೋ ಭಾಷೆಯ ಪ್ರಶಸ್ತಿ ಬಂದ ಚಿತ್ರ. ಬಂಗಾಳದ ಮಳೆ, ಕೇರಳದ ದೋಣಿ ನಮ್ಮ ತಲೆಮಾರಿನ ಕಣ್ಣಿಗೆ ಮೊದಲು ಬಿದ್ದದ್ದು ಊಟವಾದ ಮೇಲಿನ ಆ ಮಂಪರಿನಲ್ಲಿ. 1993ರಲ್ಲಿ ಮೋಗ್ಲಿ ಬಂದ ಮೇಲೆ ನಮ್ಮ ಕಿರಿಯರ ಭಾನುವಾರ ಚಡ್ಡಿ ತೊಟ್ಟ ಆ ಕಾಡಿನ ಹುಡುಗನದ್ದಾಯಿತು.

ಇಷ್ಟೆಲ್ಲ ಹೇಳುವಾಗ ಒಬ್ಬರನ್ನು ಮಾತ್ರ ನಾವು ಚಾಪೆಯ ಮೇಲೆ ಕೂರಿಸಿಲ್ಲ. ನೀರು ಕಾಯಿಸಿದವರು, ಎರೆದವರು, ರುಬ್ಬಿದವರು, ಬಡಿಸಿದವರು, ಎಣ್ಣೆ ಜಿಡ್ಡಿನ ಬಟ್ಟೆಯನ್ನೆಲ್ಲ ಒಟ್ಟುಮಾಡಿ ಒಗೆಯಲು ಕೂತವರು. ಅಮ್ಮಂದಿರು ಎಣ್ಣೆ ಹಚ್ಚಿಕೊಂಡದ್ದು ಯಾವಾಗ ಎಂದು ನೆನಪು ಮಾಡಿಕೊಂಡರೆ ನನಗೆ ಒಂದು ಚಿತ್ರವೂ ಸಿಗುವುದಿಲ್ಲ. ಅವರ ಶುಕ್ರವಾರ ಅವರದ್ದಾಗಿಯೇ ಉಳಿದಿತ್ತು, ಎಲ್ಲರೂ ಹೊರಟ ಮೇಲೆ, ಉಳಿದ ನೀರಿನಲ್ಲಿ. ನಮ್ಮ ರಜೆ ಅವರ ಅತಿ ಉದ್ದದ ಕೆಲಸದ ದಿನ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಹೇಳುವ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. ಕೈಹಾಕುವ ಗಂಡಸರೇ ನೂರಕ್ಕೆ ಸುಮಾರು 26, ಹೆಂಗಸರು 81. ಲೋಖಂಡೆಯವರ ಸಭೆಯಲ್ಲಿ ಎದ್ದು ಮಾತಾಡಿದ ಆ ಕೂಲಿ ಹೆಂಗಸರು ಕೇಳಿದ್ದು ಗಿರಣಿಯಿಂದ ಬಿಡುವು. ಅದು ಸಿಕ್ಕಿತು. ಒಲೆಯ ಮುಂದಿನ ಬಿಡುವನ್ನು ಕೊಡಬೇಕಾದ ಮಾಲೀಕರು ನಾವೇ, ಮನೆಮಂದಿ. ನೂರಮೂವತ್ತು ವರ್ಷ ದಾಟಿದರೂ ನಾವಿನ್ನೂ ಒಪ್ಪಂದಕ್ಕೆ ಕೂತಿಲ್ಲ. ಈ ಮಾತನ್ನು ನಾನು ಭಾನುವಾರದ ಸೊಗಸನ್ನು ಕೆಡಿಸಲು ಹೇಳುತ್ತಿಲ್ಲ. ಆ ಸೊಗಸು ಅಮ್ಮನಿಗೂ ಸಿಗಬೇಕಿತ್ತಲ್ಲ ಎಂಬ ಸಂಕಟಕ್ಕೆ ಹೇಳುತ್ತಿದ್ದೇನೆ.

ರಜೆಯ ದಿನವೂ ಮನೆಯ ಒಲೆಯೂ ಬೇರೆ ಬೇರೆ ದೇಶದಲ್ಲಿದ್ದ ಕುಟುಂಬಗಳ ಕಥೆ ಇನ್ನೊಂದು. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿ. ಅಲ್ಲಿ ವಾರದ ರಜೆ ಶುಕ್ರವಾರ. ಇಲ್ಲಿ ಮಕ್ಕಳಿಗೆ ಭಾನುವಾರ ಬಿಡುವು, ಅಲ್ಲಿ ಅಪ್ಪನಿಗೆ ಕೆಲಸ. ಅಪ್ಪ ಕೋಣೆಯಲ್ಲಿ ಬಟ್ಟೆ ಒಗೆದು, ಗೆಳೆಯರ ಜೊತೆ ಮೀನು ಸಾರು ಮಾಡಿ, ಫೋನಿಗೆ ಕೂರುವ ದಿನ ಮಕ್ಕಳು ಶಾಲೆಯಲ್ಲಿ. ದುಬೈ, ಅಬುಧಾಬಿಯ ಕನ್ನಡಿಗರು ತಮ್ಮ ಯಕ್ಷಗಾನ, ಕ್ರಿಕೆಟ್ಟು, ಸಂಘದ ಊಟವನ್ನೆಲ್ಲ ಶುಕ್ರವಾರಕ್ಕೇ ಹೊಂದಿಸಿಕೊಂಡಿದ್ದರು. 2022ರ ಜನವರಿಯಿಂದ ಯುಎಇ ಸರ್ಕಾರ ವಾರಾಂತ್ಯವನ್ನು ಶನಿವಾರ-ಭಾನುವಾರಕ್ಕೆ ತಂದು, ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಬಿಡುವು ಕೊಟ್ಟಿತು. ಅಪ್ಪನ ರಜೆಯೂ ಮಕ್ಕಳ ರಜೆಯೂ ಒಂದೇ ದಿನ ಬೀಳತೊಡಗಿದ್ದು ಅಂಥ ಎಷ್ಟೋ ಮನೆಗಳಿಗೆ ದೊಡ್ಡ ಸಂಗತಿ. ವಿಡಿಯೊ ಕರೆಯಲ್ಲಿ ಈಗ ಎರಡೂ ಕಡೆಯ ತಟ್ಟೆ ಒಟ್ಟಿಗೆ ಕಾಣುತ್ತದೆ. ಸೌದಿಯಲ್ಲಿ, ಕತಾರಿನಲ್ಲಿ, ಕುವೈತಿನಲ್ಲಿ ಇರುವವರಿಗೆ ಇನ್ನೂ ಶುಕ್ರವಾರ-ಶನಿವಾರವೇ.

ಇಲ್ಲಿ ನಮ್ಮೂರಲ್ಲಿ ಮಾತ್ರ ಭಾನುವಾರ ಅಂಚುಗಳಿಂದ ಸವೆಯುತ್ತಿದೆ. ಮಕ್ಕಳಿಗೆ ಪರೀಕ್ಷೆಯ ತಯಾರಿಯ ತರಗತಿ ಬೆಳಿಗ್ಗೆ ಏಳಕ್ಕೆ. ಕಚೇರಿಯ ಸಂದೇಶ ಮೊಬೈಲಿಗೆ ಬರುವುದಕ್ಕೆ ವಾರದ ಹಂಗಿಲ್ಲ. ಮನೆ ಬಾಗಿಲಿಗೆ ಬಿರಿಯಾನಿ ತಂದುಕೊಡುವ ಹುಡುಗನಿಗೆ ಭಾನುವಾರವೇ ಹೆಚ್ಚು ಓಡಾಟ. ಅವನಿಗೆ ಎತ್ತಿನ ಸೋಮವಾರವೂ ಇಲ್ಲ, ಸಂತೆಯ ವಾರವೂ ಇಲ್ಲ. ಅವನು ಮಂಡ್ಯದ ಕಡೆಯವನೋ ರಾಯಚೂರಿನವನೋ ಆಗಿರುತ್ತಾನೆ, ಅವನ ಊರಲ್ಲೂ ಸಾರು ಕುದಿಯುತ್ತಿರುತ್ತದೆ. ಅವನಿಗೆ ವಾರದಲ್ಲಿ ಒಂದು ದಿನ ಖಚಿತವಾದ ರಜೆ, ಆ ದಿನದ ಕೂಲಿ ಕಳೆಯದ ರಜೆ ಬೇಕು ಎಂದು ಕೇಳುವುದಕ್ಕೆ ಇನ್ನೊಂದು ಬಯಲು, ಇನ್ನೊಂದು ಸಭೆ ಬೇಕಾದೀತು. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು, ಮಳೆಯಲ್ಲಿ ನೆನೆದು ಬಂದವನಿಗೆ ಒಂದು ಲೋಟ ನೀರು ಕೊಡುವುದು, ತಡವಾಯಿತೆಂದು ದೂರು ಬರೆಯದೆ ಇರುವುದು.

ಮನೆಯೊಳಗೆ ಬದಲಾವಣೆಗಳು ಸದ್ದಿಲ್ಲದೆ ಬಂದಿವೆ. ಅಣ್ಣ ಈಗ ಭಾನುವಾರ ತಾನೇ ಸಾರು ಮಾಡುತ್ತಾನೆ. ಅಮ್ಮನ ಅಳತೆ ಕೇಳಿ ಬರೆದುಕೊಂಡ ಚೀಟಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿದೆ. ‘ಧನಿಯ ಒಂದು ಹಿಡಿ’ ಎಂದಿರುವಲ್ಲಿ ಯಾರ ಹಿಡಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅತ್ತಿಗೆ ಆ ಹೊತ್ತಿಗೆ ತಲೆಗೆ ಎಣ್ಣೆ ಹಚ್ಚಿಕೊಂಡು, ಜಗಲಿಯಲ್ಲಿ ಕೂತು, ಪುರವಣಿಯ ಕತೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಯಾರ ಅಡ್ಡಿಯೂ ಇಲ್ಲದೆ ಓದುತ್ತಾರೆ. ನಡುವೆ ಅಡುಗೆಮನೆಯಿಂದ ‘ಅರಿಶಿನ ಎಲ್ಲಿ’ ಎಂಬ ಕೂಗು ಬಂದರೆ ಅವರು ಪುಟ ಮಗುಚುತ್ತಾರೆ. ಡಬ್ಬಿಯ ಮೇಲೆ ಹೆಸರು ಬರೆದು ಅಂಟಿಸಿದವರು ಅವರೇ.

ಸೋಮವಾರ ಶಿವನ ವಾರವಾದ್ದರಿಂದ ರಾತ್ರಿಯೊಳಗೆ ಸಾರು ಮುಗಿಯಬೇಕು ಎಂಬುದು ಈಗಲೂ ನಡೆದುಬಂದಿದೆ. ಒಂದು ಬಟ್ಟಲು ಎದುರುಮನೆಗೆ ಹೋಗುತ್ತದೆ, ಖಾಲಿ ಬಟ್ಟಲಲ್ಲಿ ಅವರ ಮನೆಯ ಕಜ್ಜಾಯವೋ ನಾಲ್ಕು ನಿಂಬೆಹಣ್ಣೋ ಬರುತ್ತದೆ. ಉಳಿದದ್ದನ್ನು ಬಿಸಿ ಅನ್ನಕ್ಕೆ ಕಲಸಿ ಅಮ್ಮ ಎಲ್ಲರ ಕೈಗೂ ಒಂದೊಂದು ತುತ್ತು ಹಾಕುತ್ತಾರೆ. ಆಮೇಲೆ ಒಲೆ ಒರೆಸಿ, ಅಡುಗೆಮನೆ ತೊಳೆದು, ತಪ್ಪಲೆ ಉಜ್ಜುವ ಕೆಲಸ. ಈ ವರ್ಷದಿಂದ ಅದು ಅಣ್ಣನ ಮಗನ ಪಾಲಿಗೆ ಬಂದಿದೆ, ಕಾಲೇಜು ಸೇರಿದ ಹುಡುಗ. ತಳದ ಮಸಾಲೆ ಅರ್ಧ ಬಿಟ್ಟು, ಆಯಿತೆಂದು ಬೋರಲು ಹಾಕಿ ಹೋಗುತ್ತಾನೆ. ಅತ್ತಿಗೆ ಅದನ್ನು ತಾವು ಮತ್ತೆ ಉಜ್ಜುವುದಿಲ್ಲ, ಅವನನ್ನು ಕರೆದು ಕೈಗೇ ಕೊಡುತ್ತಾರೆ.